ತೋಡಿನ ಹಲಗೆ

ಜಲಜಾಕ್ಷಿ ಕೂತದ್ದನ್ನು ನೋಡಿದವರು ಪೆರಾಬೆಯ ಆಚೀಚೆ ಬಹಳ ಕಡಿಮೆ. ಬಡಿಸಿದರೂ ನಿಂತು, ಉಂಡರೂ ಅಡುಗೆಕೋಣೆಯ ಬಾಗಿಲಿಗೆ ಒರಗಿ ನಿಂತು. ಕಡಬದ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇದ್ದರೂ ಕಂಬಿ ಹಿಡಿದುಕೊಂಡೇ ಹೋಗುವುದು, ಇಳಿಯುವ ಜಾಗಕ್ಕೆ ಇನ್ನೂ ಎರಡು ಸ್ಟಾಪ್ ಇರುವಾಗಲೇ ಬಾಗಿಲ ಹತ್ತಿರ ಬಂದು ನಿಲ್ಲುವುದು. ಒಮ್ಮೆ ಕಂಡಕ್ಟರ್, ಅಕ್ಕ ಕೂತುಕೊಳ್ಳಿ, ನಿಮ್ಮನ್ನು ಬಿಟ್ಟು ಬಸ್ಸು ಎಲ್ಲಿಗೂ ಹೋಗುದಿಲ್ಲ ಎಂದದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ಅವಳೂ ನಕ್ಕಳು, ಆದರೆ ಕೂರಲಿಲ್ಲ.

ಕಳೆದ ಎರಡು ವರ್ಷದಿಂದ ಅವಳ ಜೊತೆಗೆ ಒಂದು ಹಲಗೆಯೂ ತಿರುಗುತ್ತಿದೆ. ಆರಡಿಗಿಂತ ಸ್ವಲ್ಪ ಉದ್ದ, ಒಂದೂವರೆ ಅಡಿ ಅಗಲ. ಒಂದು ಕಾಲದಲ್ಲಿ ಅವರ ತೋಟದಲ್ಲಿ ನೀರು ಹರಿಯುವ ತೋಡು ದಾಟಲಿಕ್ಕೆ ಅಡ್ಡ ಹಾಕಿದ್ದದ್ದು. ಊರಿನ ಝಾಕಿರನ ಬಾಡಿಗೆ ಜೀಪಿನ ಮೇಲೆ ಅದನ್ನು ಕಟ್ಟಿಕೊಂಡು ಇವಳು ಹಾಲಿನ ಸೊಸೈಟಿ, ಸ್ತ್ರೀಶಕ್ತಿ ಸಂಘ, ಶಾಲೆಯ ಅಂಗಳ ಎಂದು ಸುತ್ತುತ್ತಾಳೆ. ಊರವರು ಹಲಗೆ ಜಲಜಕ್ಕ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಹೇಳುವುದಿಲ್ಲ, ಅವಳಿಗೆ ಗೊತ್ತಿಲ್ಲದೆಯೂ ಇಲ್ಲ. ಮರದಿಂದ ಬಿದ್ದವರನ್ನು ಹೇಗೆ ಎತ್ತಬೇಕು ಎಂದು ಹೇಳಿಕೊಡುವ ಹೆಂಗಸಿಗೆ ಇನ್ನೆಂತ ಹೆಸರು ಬರುತ್ತದೆ?

ಹೇಳಿಕೊಡುವಾಗ ಅವಳು ಒಂದು ಕಥೆ ಹೇಳುತ್ತಾಳೆ. ಒಬ್ಬಳು ಹೆಂಗಸು ಇದ್ದಳು, ಅವಳ ಗಂಡ ಅಡಿಕೆ ಮರದಿಂದ ಬಿದ್ದ, ಬಿದ್ದಾಗ ಕಾಲು ಅಲ್ಲಾಡುತ್ತಿತ್ತು, ಎತ್ತಿ ಕೂರಿಸಿದ ಮೇಲೆ ಅಲ್ಲಾಡಲಿಲ್ಲ. ಆ ಹೆಂಗಸಿನ ಹೆಸರು, ಊರು ಯಾವುದನ್ನೂ ಹೇಳುವುದಿಲ್ಲ. ಯಾರಾದರೂ ಕೇಳಿದರೆ ಆಚೆ ಕಡೆಯವಳು ಎಂದು ಕೈ ಬೀಸಿ ಬಿಡುತ್ತಾಳೆ. ಆ ಬೀಸಿದ ಕೈಯ ಹಿಂದೆ ಆರು ವರ್ಷದ ಹಿಂದಿನ ಒಂದು ಬೆಳಗ್ಗೆ ಉಂಟು.

ಮಾರ್ಚ್ ತಿಂಗಳು, ಕೊನೆಯ ಕೊಯ್ಲು. ಅವಳ ಗಂಡ ಸರ್ವೋತ್ತಮನಿಗೆ ಇದ್ದದ್ದು ಒಂದೂಕಾಲು ಎಕರೆ. ಕೊಯ್ಯುವವರನ್ನು ಕಾಯುತ್ತಾ ಕೂತರೆ ಅಡಿಕೆ ಮರದಲ್ಲೇ ಉದುರುತ್ತದೆ ಎಂದು ತಾನೇ ಹತ್ತುತ್ತಿದ್ದ, ನೆರೆಯವರದ್ದನ್ನೂ ಕೊಯ್ದುಕೊಡುತ್ತಿದ್ದ. ಮರದಿಂದ ಮರಕ್ಕೆ ಇಳಿಯದೆ ದಾಟುವುದರಲ್ಲಿ ಅವನು ಗಟ್ಟಿಗ. ತುದಿಯಲ್ಲಿ ತೂಗಿ, ಬಗ್ಗಿಸಿ, ಪಕ್ಕದ ಮರವನ್ನು ಕೈಯಿಂದ ಎಳೆದುಕೊಂಡು ದಾಟಿಬಿಡುತ್ತಿದ್ದ. ನೋಡುವವರು ಕೆಳಗಿಂದ ಬೊಬ್ಬೆ ಹಾಕುತ್ತಿದ್ದರು, ಅವನಿಗೆ ಅದೇ ಖುಷಿ. ಆ ದಿನ ಹಿಡಿದ ಮರ ಒಳಗೆ ಟೊಳ್ಳಾಗಿತ್ತು. ಅದು ಮುರಿದು ಅವನು ಬೆನ್ನ ಮೇಲೆ ಬಿದ್ದ.

ಜಲಜಾಕ್ಷಿ ಓಡಿ ಬರುವಾಗ ಅವನಿಗೆ ಪ್ರಜ್ಞೆ ಇತ್ತು. ಬೆನ್ನು, ಬೆನ್ನು ಎಂದು ಎರಡು ಸಲ ಹೇಳಿದ. ಬಿದ್ದ ಜಾಗದಲ್ಲಿ ಕೆಂಪಿರುವೆ ಇದ್ದು ಪಾದಕ್ಕೆ ಮುತ್ತಿಕೊಂಡಿದ್ದವು. ಅವಳು ಸೆರಗಿನಿಂದ ಹೊಡೆಯುವಷ್ಟರಲ್ಲಿ ಅವನೇ ಕಾಲನ್ನು ಸರಕ್ಕನೆ ಎಳೆದುಕೊಂಡ. ಅದನ್ನು ಅವಳು ಕಣ್ಣಾರೆ ಕಂಡಳು. ಇಷ್ಟು ವರ್ಷವಾದರೂ ಕಣ್ಣು ಮುಚ್ಚಿದರೆ ಆ ಕಾಲು ಸರಿಯುತ್ತದೆ.

ಪಕ್ಕದ ಮನೆಗೆ ಗೊಬ್ಬರ ಇಳಿಸಲು ಬಂದಿದ್ದ ಝಾಕಿರ್ ಬೊಬ್ಬೆ ಕೇಳಿ ಓಡಿ ಬಂದ. ಜೀಪು ತೆಗೆದುಕೊಳ್ಳುವ ಮೊದಲು ಅವನು ಒಂಬತ್ತು ವರ್ಷ ಗಲ್ಫಿನಲ್ಲಿ ಕಟ್ಟಡದ ಕೆಲಸದಲ್ಲಿದ್ದವನು. ಅಲ್ಲಿ ಮೇಲಿಂದ ಬಿದ್ದವರನ್ನು ಹೇಗೆ ಎತ್ತುವುದು ಎಂದು ವಾರಕ್ಕೊಮ್ಮೆ ಸಾಲಲ್ಲಿ ನಿಲ್ಲಿಸಿ ಕಲಿಸುತ್ತಿದ್ದರಂತೆ. ಮುಟ್ಟಬೇಡಿ ಅಕ್ಕ, ಹೀಗೇ ಇರಲಿ ಎಂದವನೇ ತೋಡಿಗೆ ಅಡ್ಡ ಹಾಕಿದ್ದ ಹಲಗೆಯನ್ನು ಕಿತ್ತು ತಂದ. ಇದರ ಮೇಲೆ ಉರುಳಿಸಿ ಕಟ್ಟಿಬಿಡುವ, ಅಲ್ಲಾಡದ ಹಾಗೆ ಎಂದ.

ಜಲಜಾಕ್ಷಿಯ ಅತ್ತೆ ಸೀತು ಅಷ್ಟರಲ್ಲಿ ಬಂದು ಮುಟ್ಟಿದ್ದರು. ಹಲಗೆ, ಹಗ್ಗ, ಉದ್ದಕ್ಕೆ ಮಲಗಿದ ಮಗ. ಈ ಮೂರನ್ನೂ ಒಟ್ಟಿಗೆ ಕಂಡ ಮುದುಕಿ ಎದೆ ಬಡಿದುಕೊಂಡರು. ಉಸಿರು ಇರುವವನನ್ನು ಹಲಗೆಗೆ ಹಾಕಿ ಕಟ್ಟುವ ಕ್ರಮ ಎಲ್ಲಿಯಾದರೂ ಉಂಟೇ ಎಂದು ಕೂಗಿದರು. ಈ ಕಡೆ ಮನುಷ್ಯನನ್ನು ಹಾಗೆ ಉದ್ದಕ್ಕೆ ಕಟ್ಟಿ ಹೊರುವುದು ಒಂದೇ ಸಲ, ಅದೂ ಅವನಿಗೆ ಗೊತ್ತಾಗದ ಹೊತ್ತಿನಲ್ಲಿ. ಝಾಕಿರ್ ಗಂಡನ ಪಕ್ಕಕ್ಕೆ ತಂದಿಟ್ಟ ಹಲಗೆಯನ್ನು ಜಲಜಾಕ್ಷಿ ಕಾಲಿನಿಂದ ಒದ್ದಳು. ಅದು ಜಾರಿ ತೋಡಿಗೆ ಬಿತ್ತು.

"ನನ್ನ ಗಂಡ ಹೆಣ ಅಲ್ಲ" ಎಂದಳು.

ಕಂಕುಳಿಗೆ ಕೈ ಕೊಟ್ಟು ಎತ್ತಿದರು, ಜೀಪಿನ ಸೀಟಿನಲ್ಲಿ ಕೂರಿಸಿದರು. ನೆರೆಯವನೊಬ್ಬ ಆ ಪಕ್ಕ, ಅವಳು ಈ ಪಕ್ಕ. ನೀರು ಕುಡಿಸಿದಳು. ಪುತ್ತೂರಿನವರೆಗೂ ಅವನ ತಲೆ ಅವಳ ಹೆಗಲ ಮೇಲೆ ಹೊರಳುತ್ತಿತ್ತು. ಝಾಕಿರ್ ಹೊಂಡ ತಪ್ಪಿಸಿ ತಪ್ಪಿಸಿ ಓಡಿಸಿದ.

ಪುತ್ತೂರಿನವರು ಮಂಗಳೂರಿಗೆ ಕಳಿಸಿದರು. ಮಂಗಳೂರಿನಲ್ಲಿ ಡಾಕ್ಟರು ಮೂರನೇ ದಿನ ಅವಳನ್ನು ಹೊರಗೆ ಕರೆದು, ಬಿದ್ದ ಮೇಲೆ ಕಾಲು ಅಲ್ಲಾಡಿಸಿದ್ದರಾ ಎಂದು ಕೇಳಿದರು. ಹೌದು ಎಂದಳು. ಹೇಗೆ ತಂದಿರಿ ಎಂದು ಕೇಳಿದರು. ಅದನ್ನೂ ಹೇಳಿದಳು. ಡಾಕ್ಟರು ಬೈಯಲಿಲ್ಲ. ಬಿದ್ದಾಗ ಮುರಿದದ್ದು ಮೂಳೆ, ಒಳಗಿನ ನರ ಜಜ್ಜಿಹೋದದ್ದು ಆಮೇಲೆ ಇರಬೇಕು, ಕೂರಿಸಬಾರದಿತ್ತು ಎಂದಷ್ಟೇ ಹೇಳಿ ಬೇರೆ ರೋಗಿಯ ಹತ್ತಿರ ಹೋದರು. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಈಗಲೂ ಅನಿಸುತ್ತದೆ.

ಒಳಗೆ ಬಂದಾಗ ಸರ್ವೋತ್ತಮ, ಡಾಕ್ಟ್ರು ಎಂತ ಹೇಳಿದರು ಎಂದು ಕೇಳಿದ. ಬಿದ್ದ ಪೆಟ್ಟು ಜೋರಂತೆ ಎಂದಳು. ಅವನು ಸರಿ ಎಂದು ಕಣ್ಣು ಮುಚ್ಚಿದ. ಅಲ್ಲಿಂದ ಮೇಲೆ ಅವಳಿಗೆ ಒಂದು ಕಡೆ ಕೂರಲಿಕ್ಕೆ ಆಗಲಿಲ್ಲ.

ಮೊದಮೊದಲು ಅವಳ ಓಡಾಟವೆಲ್ಲ ಗಂಡನಿಗಾಗಿಯೇ. ಅಂಗವಿಕಲರ ಕಾರ್ಡು, ಪಿಂಚಣಿ, ಗಾಲಿಕುರ್ಚಿ. ಪ್ರಮಾಣಪತ್ರದ ಶಿಬಿರವನ್ನು ಒಮ್ಮೆ ಮಹಡಿಯ ಮೇಲೆ ಇಟ್ಟಿದ್ದರು. ನಡೆಯಲಾರದವರನ್ನು ಹೊತ್ತುಕೊಂಡು ಹತ್ತುವವರ ಸಾಲು ನೋಡಿ ಇವಳು ಮೆಟ್ಟಿಲ ಬುಡದಲ್ಲಿ ಅಡ್ಡ ನಿಂತಳು. ಮೇಲಿನವರು ಕೆಳಗೆ ಬರಲಿ, ಅವರಿಗೆ ಕಾಲು ಉಂಟಲ್ಲ ಎಂದಳು. ಒಂದು ಗಂಟೆ ಗಲಾಟೆಯಾಗಿ ಕೊನೆಗೆ ಮೇಜು, ಕುರ್ಚಿ, ಡಾಕ್ಟರು ಎಲ್ಲ ಕೆಳಗಿಳಿದವು. ಬಂದವರು ಅವಳನ್ನು ಹೊಗಳಿದರು. ಹೊಗಳಿಕೆ ಅವಳಿಗೆ ಚುಚ್ಚಿತು. ಗಂಡನ ಮೇಲೆ ಎಂತಹ ಪ್ರೀತಿ ಎಂದು ಯಾರೋ ಅಂದಾಗ ಅಲ್ಲಿಂದ ಓಡಿಹೋಗುವ ಹಾಗಾಯಿತು.

ಝಾಕಿರ್ ಆ ಹಲಗೆಯ ಮಾತನ್ನು ಒಂದು ಸಲವೂ ತೆಗೆದವನಲ್ಲ. ಆಸ್ಪತ್ರೆಗೆ, ಕಚೇರಿಗೆ ಎಂದು ಕರೆದಾಗಲೆಲ್ಲ ಬಂದ. ಸರ್ವೋತ್ತಮನನ್ನು ಕುರ್ಚಿಯಿಂದ ಜೀಪಿಗೆ ಎತ್ತಿ ಕೂರಿಸಿದ. ಅವನ ಮೌನಕ್ಕೇ ಅವಳು ಹೆಚ್ಚು ಹೆದರುತ್ತಿದ್ದಳು. ಹಲಗೆಯನ್ನು ಯಾರೋ ತೋಡಿನಿಂದ ಎತ್ತಿ ಮೊದಲಿನ ಜಾಗಕ್ಕೇ ಹಾಕಿದ್ದರು. ಅವಳು ಅದರ ಮೇಲೆ ಕಾಲಿಡದೆ, ನೀರಿಗಿಳಿದು ಸೀರೆ ಒದ್ದೆ ಮಾಡಿಕೊಂಡು ದಾಟುತ್ತಿದ್ದಳು. ಅತ್ತೆ ಸೀತು ಎರಡು ವರ್ಷದ ನಂತರ ತೀರಿಕೊಂಡರು, ಮಗನ ಕಾಲು ಹೋದದ್ದು ದೇವರ ಲೆಕ್ಕ ಎಂದು ನಂಬಿಕೊಂಡೇ.

ಆಮೇಲೆ ಪಂಜದ ಹತ್ತಿರ ಜಯಪ್ರಕಾಶ್ ಎಂಬ ಮೂವತ್ತನಾಲ್ಕರ ಯುವಕ ಅಡಿಕೆಗೆ ಕೊಳೆರೋಗದ ಔಷಧಿ ಬಿಡುವಾಗ ಮರದಿಂದ ಬಿದ್ದ. ಅವನ ಹೆಂಡತಿ ಜಲಜಾಕ್ಷಿಗೆ ಕಾರ್ಡು, ಪಿಂಚಣಿಯ ಶಿಬಿರಗಳಲ್ಲಿ ಪರಿಚಯವಾದವಳ ತಂಗಿ. ಸುದ್ದಿ ಫೋನಿನಲ್ಲಿ ಬಂತು. ಎತ್ತಬೇಡಿ, ಕೂರಿಸಬೇಡಿ ಎಂದು ಇವಳು ಇಲ್ಲಿಂದ ಕಿರುಚಿದಳು. ಅಷ್ಟು ಹೊತ್ತಿಗೆ ಅವನನ್ನು ಓಮ್ನಿಯಲ್ಲಿ ಕೂರಿಸಿ ನೀರು ಕುಡಿಸಿ ಆಗಿತ್ತು. ನೋಡಲು ಹೋದಾಗ ಆಸ್ಪತ್ರೆಯ ಓಣಿಯಲ್ಲಿ ಡಾಕ್ಟರೊಬ್ಬರು ಆ ಹುಡುಗಿಯನ್ನು ಪಕ್ಕಕ್ಕೆ ಕರೆಯುವುದನ್ನು ಕಂಡಳು. ಹುಡುಗಿ ತಲೆಯಾಡಿಸುವುದು, ಆಮೇಲೆ ಗೋಡೆ ಹಿಡಿದುಕೊಳ್ಳುವುದು ಎಲ್ಲ ಕಂಡಿತು. ತಾನು ಬಾಯಿ ಬಿಟ್ಟು ಹೇಳಿದ್ದರೆ ಇದು ತಪ್ಪುತ್ತಿತ್ತಲ್ಲ ಎಂಬ ಸಂಕಟ ಅವಳನ್ನು ಹಿಡಿದುಕೊಂಡಿತು.

ಹಿಂದೆ ಬರುವಾಗ ಜೀಪಿನಲ್ಲಿ ಅವಳು ಝಾಕಿರನ ಮುಖ ನೋಡದೆ ಕೇಳಿದಳು.

"ಆ ದಿನ ನೀನು ಅವರನ್ನು ಹೇಗೆ ಮಲಗಿಸಬೇಕು ಅಂತ ಇದ್ದದ್ದು? ನನಗೆ ತೋರಿಸು."

ಅವನು ಜೀಪು ಬದಿಗೆ ಹಾಕಿದ. "ಹಲಗೆ ಉಂಟಲ್ಲ ತೋಡಲ್ಲಿ, ನಾಳೆ ತೆಗೆಯುವ" ಎಂದ.

ಹಾಗೆ ಶುರುವಾದದ್ದು. ಅವಳ ಬೇಡಿಕೆ ಕೇಳಿದರೆ ನಗು ಬರುವಷ್ಟು ಸಣ್ಣದು. ಗ್ರಾಮದ ಪ್ರತಿ ವಾರ್ಡಿನಲ್ಲಿ, ಹಾಲಿನ ಸೊಸೈಟಿಯಲ್ಲೋ ಅಂಗನವಾಡಿಯಲ್ಲೋ, ಎಲ್ಲರ ಕೈಗೆ ಸಿಗುವ ಹಾಗೆ ಒಂದು ಹಲಗೆ ಮತ್ತು ಕಟ್ಟಲಿಕ್ಕೆ ಪಟ್ಟಿ ಇರಬೇಕು. ಮರ ಹತ್ತುವವರಿಗೂ ಅವರ ಮನೆಯವರಿಗೂ ಪಂಚಾಯತು ವರ್ಷಕ್ಕೆ ಎರಡು ಸಲ ಕಲಿಸಬೇಕು. ಗ್ರಾಮಸಭೆ ನಿರ್ಣಯ ಮಾಡಿ ತಾಲೂಕಿಗೆ ಕಳಿಸಬೇಕು, ಅಲ್ಲಿಂದ ಎಲ್ಲ ಪಂಚಾಯತಿಗೂ ಆದೇಶ ಬರಬೇಕು. ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗಿ ಹೇಳಿದರೆ ಮುಗಿಯುವಂಥದ್ದಲ್ಲ, ಕ್ರಮವೇ ಬದಲಾಗಬೇಕು ಎಂಬುದು ಅವಳಿಗೆ ಆರು ತಿಂಗಳಲ್ಲಿ ಅರ್ಥವಾಗಿತ್ತು.

ಯಾಕೆಂದರೆ ಜನ ಹಲಗೆಯನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಒಂದು ಮನೆಯಲ್ಲಿ ಇವಳು ಇಟ್ಟು ಬಂದ ಹಲಗೆಯನ್ನು ಮರುದಿನವೇ ಕೊಟ್ಟಿಗೆಯ ಹಿಂದೆ ಎಸೆದಿದ್ದರು, ಮದುವೆಗೆ ಹೆಣ್ಣಿರುವ ಮನೆ ಅಂತೆ. ಹೇಳಿಕೊಡಲು ಹೋದಲ್ಲಿ ಎಲ್ಲರೂ ಕೇಳುತ್ತಾರೆ, ಚಾ ಕೊಡುತ್ತಾರೆ. ಒಬ್ಬರು ಬಂದು ಇದರ ಮೇಲೆ ಮಲಗಿ, ತೋರಿಸುವ ಎಂದರೆ ಅಂಗಳಕ್ಕೆ ಅಂಗಳವೇ ಹಿಂದೆ ಸರಿಯುತ್ತದೆ. ಬದುಕಿರುವಾಗ ಅದರ ಮೇಲೆ ಮಲಗಲಿಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಕೊನೆಗೆ ಜಲಜಾಕ್ಷಿಯೇ ಸೆರಗು ಬಿಗಿದು ಮಲಗುವುದು. ಝಾಕಿರ್ ಮತ್ತು ಯಾರಾದರೂ ಇಬ್ಬರು ಅವಳ ತಲೆಯ ಎರಡು ಪಕ್ಕಕ್ಕೆ ಹೆಗಲ ಮೇಲಿನ ಬೈರಾಸು ಸುತ್ತಿಟ್ಟು ಕಟ್ಟುವುದು. ಮಲಗಿದಲ್ಲಿಂದಲೇ, ನಿಧಾನ, ತಲೆ ಹಿಡಿದವರು ಹೇಳಿದ ಮೇಲೆಯೇ ಎತ್ತಬೇಕು ಎಂದು ಅವಳು ಬೊಬ್ಬೆ ಹೊಡೆಯುವುದು. ಆಲೆಟ್ಟಿಯಲ್ಲಿ ಒಬ್ಬಳು ಅಜ್ಜಿ ಇದನ್ನು ನೋಡಲಾರದೆ ಮುಖಕ್ಕೆ ಸೆರಗು ಹಾಕಿಕೊಂಡಳು. ಮಾತಾಡುವ ಹೆಣ ನಾನು ಕಂಡದ್ದು ಇದೇ ಮೊದಲು ಎಂದು ಅಜ್ಜಿಯ ಗಂಡ ಹೇಳಿದ, ಎಲ್ಲರೂ ನಕ್ಕರು.

ಮೊದಲ ಗ್ರಾಮಸಭೆಯಲ್ಲಿ ಅರ್ಜಿ ಓದಿದಾಗಲೂ ಹೀಗೆಯೇ ನಕ್ಕರು. ಎರಡನೆಯದರಲ್ಲಿ ಪರಿಶೀಲಿಸಲಾಗುವುದು ಎಂದು ಬರೆದುಕೊಂಡರು. ಪರಿಶೀಲನೆ ಎಂಬುದು ಎಂತಹ ಪ್ರಾಣಿ, ಎಲ್ಲಿ ಮಲಗುತ್ತದೆ ಎಂದು ಅವಳು ಪಂಚಾಯತಿನ ಪಿಡಿಒ ಅವರನ್ನು ಕೇಳಿದ್ದುಂಟು.

ಮೂರನೆಯ ಸಲದ ಅರ್ಜಿ ಬರೆದವಳು ಅವಳ ಮಗಳು ಪ್ರೀತಿಕಾ, ಪಿಯುಸಿ ಎರಡನೇ ವರ್ಷದವಳು. ಬರೆಯುತ್ತಾ ಬರೆಯುತ್ತಾ ಪೆನ್ನು ನಿಲ್ಲಿಸಿದಳು.

"ಅಮ್ಮ, ಇಲ್ಲಿ ಒಬ್ಬಳು ಹೆಂಗಸು ಅಂತ ಉಂಟಲ್ಲ, ಅವಳ ಹೆಸರು ಹಾಕುವ. ಹೆಸರಿಲ್ಲದಿದ್ದರೆ ಯಾರು ನಂಬುದು?"

ಒಲೆಯಲ್ಲಿ ಎಂತದೋ ಕರಟುತ್ತದೆ ಎಂದು ಜಲಜಾಕ್ಷಿ ಒಳಗೆ ಹೋದಳು. ಒಲೆಯಲ್ಲಿ ಏನೂ ಇರಲಿಲ್ಲ. ಹೊರಗೆ ಬರುವಾಗ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಸರ್ವೋತ್ತಮ ತಲೆ ಎತ್ತಿ, ಈ ಸಲ ನಾನೂ ಬರ್ತೇನೆ ಎಂದ. ಹಿಂದಿನ ಎರಡು ಸಲವೂ ಸಭೆ ಪಂಚಾಯತಿನ ಸಭಾಂಗಣದಲ್ಲಿ, ಏಳು ಮೆಟ್ಟಿಲು. ಈ ಸಲ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕುತ್ತಾರಂತೆ. ಬಿಸಿಲು, ಧೂಳು, ನಿಮಗೆ ಆಗುದಿಲ್ಲ ಎಂದು ಅವಳು ಹತ್ತು ಕಾರಣ ಕೊಟ್ಟಳು. ಅವನು ಸುಲಿಯುವುದನ್ನು ಮುಂದುವರಿಸಿದ. ಆ ವಾರವಿಡೀ ಅವಳು ಕೋಳಿಯ ಗೂಡು ಎರಡು ಸಲ ತೊಳೆದಳು, ತುಂಬಿದ ಕೊಡದ ನೀರು ಚೆಲ್ಲಿ ಮತ್ತೆ ತುಂಬಿಸಿದಳು.

ಸಭೆಯ ದಿನ ಜೀಪಿನ ಮೇಲೆ ಹಲಗೆ, ಒಳಗೆ ಸರ್ವೋತ್ತಮ ಮತ್ತು ಪ್ರೀತಿಕಾ. ಸರ್ವೋತ್ತಮನ ಕುರ್ಚಿಯನ್ನು ಶಾಮಿಯಾನದ ಅಂಚಿನ ನೆರಳಿಗೆ ತಂದು ನಿಲ್ಲಿಸಿದರು. ತಾಲೂಕಿನಿಂದ ಬಂದ ನೋಡಲ್ ಅಧಿಕಾರಿ ನಿರ್ಣಯದ ಪುಸ್ತಕ ಬಿಡಿಸಿಕೊಂಡು ಕೂತಿದ್ದರು. ರಸ್ತೆ, ನೀರು, ಬೀದಿದೀಪ ಎಲ್ಲ ಮುಗಿದ ಮೇಲೆ ಇವಳ ಸರದಿ. ಅವಳು ಅರ್ಜಿ ಓದಿದಳು, ಒಬ್ಬಳು ಹೆಂಗಸಿನ ಕಥೆಯನ್ನೂ ಹೇಳಿದಳು. ಹೇಳುವಾಗ ನೆರಳಿನ ಕಡೆಗೆ ಒಮ್ಮೆಯೂ ನೋಡಲಿಲ್ಲ.

ಎದ್ದು ನಿಂತವರು ಸದಸ್ಯ ತೀರ್ಥರಾಮ. ಕೆಟ್ಟ ಮನುಷ್ಯರಲ್ಲ, ಊರಿನ ಯಾವ ಮನೆಯ ಕಷ್ಟಕ್ಕೂ ಮೊದಲು ಬಂದು ಮುಟ್ಟುವವರು. ಅದಕ್ಕೇ ಅವರ ಮಾತಿಗೆ ತೂಕ.

"ಬಿದ್ದವನ ಕಾಲು ಹೋಗುದು ಬಿದ್ದದ್ದರಿಂದ. ಎತ್ತಿದವರಿಂದ ಹೋಯಿತು ಅಂತ ನೀವು ಹೇಳಿಕೊಂಡು ತಿರುಗಿದರೆ ನಾಳೆ ಎತ್ತಲಿಕ್ಕೆ ಒಬ್ಬನೂ ಕೈ ಹಾಕುದಿಲ್ಲ ಮಾರಾಯ್ರೆ. ಹಾಗೆ ಆದದ್ದು ಒಬ್ಬರಿಗೆ, ಹೆಸರು ಊರು ಸಮೇತ ಹೇಳಿ. ನಾನೇ ಕೈ ಎತ್ತುತ್ತೇನೆ."

ನೋಡಲ್ ಅಧಿಕಾರಿಯೂ ಪೆನ್ನು ಎತ್ತಿ ಹಿಡಿದು, ಒಂದು ಪ್ರಕರಣ ಇದ್ದರೆ ಬರೆಯಬಹುದು ಮೇಡಂ, ಇಲ್ಲದಿದ್ದರೆ ಮುಂದಿನ ಸಭೆಗೆ ಇಡುವ ಎಂದರು.

ಮುಂದಿನ ಸಭೆ ಎಂದರೆ ಆರು ತಿಂಗಳು, ನಡುವೆ ಒಂದು ಕೊಯ್ಲು. ಜಯಪ್ರಕಾಶನ ಹೆಂಡತಿಯ ಹೆಸರು ಅವಳ ನಾಲಿಗೆಯ ತುದಿಯವರೆಗೆ ಬಂತು. ಆ ಹುಡುಗಿ ಗೋಡೆ ಹಿಡಿದದ್ದು ನೆನಪಾಗಿ ಅದನ್ನು ನುಂಗಿದಳು. ಸತ್ತ ಅತ್ತೆಯ ಮೇಲೆ ಹಾಕಿದರೆ? ಬೊಬ್ಬೆ ಹೊಡೆದದ್ದು ಅವರೇ ಅಲ್ಲವೇ, ಬಂದು ಅಲ್ಲ ಎನ್ನುವವರು ಯಾರು? ಒಂದು ಗಳಿಗೆ ಆ ದಾರಿ ಅವಳಿಗೆ ನಿಜಕ್ಕೂ ಒಳ್ಳೆಯದೆಂದೇ ಕಂಡಿತು. ಸಭೆಯ ಹಿಂಬದಿಯಲ್ಲಿ ಝಾಕಿರ್ ಹಲಗೆಯನ್ನು ನೆಟ್ಟಗೆ ಹಿಡಿದು ನಿಂತಿದ್ದ. ಅದರ ಒಂದು ಮೂಲೆ ಆ ದಿನ ತೋಡಿನ ಕಲ್ಲಿಗೆ ಬಡಿದು ಸೀಳಿದ್ದು ಇಲ್ಲಿಗೂ ಕಾಣುತ್ತಿತ್ತು.

"ಪ್ರಕರಣ ನನ್ನದೇ" ಎಂದಳು. ಸ್ವರ ಮೈಕಿನಲ್ಲಿ ಅವಳಿಗೇ ಬೇರೆ ಯಾರದ್ದೋ ಹಾಗೆ ಕೇಳಿತು. "ಆ ಹೆಂಗಸು ನಾನು. ಝಾಕಿರ್ ಹಲಗೆ ತಂದಿದ್ದ, ನಾನು ಒದ್ದೆ. ನನ್ನ ಗಂಡ ಕಾಲು ಎಳೆದುಕೊಂಡದ್ದನ್ನು ನೋಡಿದ್ದೆ. ನೋಡಿಯೂ ಕೂರಿಸಿದೆ. ಡಾಕ್ಟ್ರು ನನ್ನ ಹತ್ತಿರ ಹೇಳಿದ್ದಾರೆ. ನಾನು ಇವರ ಹತ್ತಿರ ಆರು ವರ್ಷ ಹೇಳಲಿಲ್ಲ."

ಪ್ರೀತಿಕಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ತೀರ್ಥರಾಮ ನಿಂತೇ ಇದ್ದರು, ಕೂರುವುದೋ ಬೇಡವೋ ತಿಳಿಯದೆ. ಜಲಜಾಕ್ಷಿಗೆ ಓಡಿಹೋಗಬೇಕು ಅನಿಸಿತು. ಇನ್ನು ಮನೆಗೆ ಹೇಗೆ ಹೋಗುವುದು, ಒಂದೇ ಜೀಪಿನಲ್ಲಿ ಹೇಗೆ ಕೂರುವುದು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಗಾಲಿಕುರ್ಚಿ ಮಣ್ಣಿನಲ್ಲಿ ಕಿರುಗುಟ್ಟುವ ಶಬ್ದ ಕೇಳಿತು. ಸರ್ವೋತ್ತಮ ತಾನೇ ಚಕ್ರ ತಿರುಗಿಸಿಕೊಂಡು ಸಭೆಯ ನಡುವಿಗೆ ಬಂದ. ಅವಳ ಮುಖ ನೋಡಲಿಲ್ಲ.

"ಝಾಕಿರ್, ಹಲಗೆ ತಾ. ಹೇಗೆ ಅಂತ ಇವರು ನೋಡಲಿ. ನನ್ನನ್ನು ಮಲಗಿಸು."

ಯಾರೋ ಬೇಡ ಬೇಡ ಎಂದರು. ಝಾಕಿರ್ ಹಲಗೆ ತಂದು ನೆಲಕ್ಕೆ ಹಾಸಿದ. ತಾನು ಸೊಂಟಕ್ಕೆ, ಒಬ್ಬರು ಕಾಲಿಗೆ, ಒಬ್ಬರು ತಲೆಗೆ, ಮೂರು ಜನ ಬೇಕು ಎಂದ. ತೀರ್ಥರಾಮ ಪಂಚೆ ಎತ್ತಿ ಕಟ್ಟಿಕೊಂಡು ಕಾಲಿನ ಕಡೆಗೆ ಬಂದರು. ತಲೆಯ ಕಡೆಗೆ ಯಾರೂ ಬರಲಿಲ್ಲ. ಎಲ್ಲರೂ ಜಲಜಾಕ್ಷಿಯನ್ನೇ ನೋಡುತ್ತಿದ್ದರು.

ಇಷ್ಟು ಊರಲ್ಲಿ ಇಷ್ಟು ಸಲ ಅವಳು ಹಲಗೆಯ ಮೇಲೆ ಮಲಗಿದ್ದಳು, ತಲೆ ಹಿಡಿದವಳಲ್ಲ. ತಲೆ ಹಿಡಿಯುವವರು ನಿಂತು ಹಿಡಿಯಲಿಕ್ಕೆ ಆಗುವುದಿಲ್ಲ. ಅವಳು ಮಣ್ಣಿನಲ್ಲಿ ಕೂತಳು. ಝಾಕಿರ್ ಮತ್ತು ತೀರ್ಥರಾಮ ಕುರ್ಚಿಯಿಂದ ಹಲಗೆಗೆ ಇಳಿಸಿದ ಗಂಡನ ತಲೆಯನ್ನು ಎರಡು ಅಂಗೈಯ ನಡುವೆ ಹಿಡಿದಳು. ಅವನ ಕಣ್ಣು ನೇರ ಅವಳ ಕಣ್ಣಿನ ಕೆಳಗೆ ಬಂತು.

"ಬಿದ್ದಲ್ಲಿ ಇರುವೆ ಕಚ್ಚಿದ್ದು ನನಗೆ ಗೊತ್ತಾಗಿತ್ತು ಜಲಜ. ಜೀಪಲ್ಲಿ ಕೂತ ಮೇಲೆಯೂ ಅವು ಕಾಲಲ್ಲಿ ಇದ್ದವು, ಹರಿದಾಡುದು ಕಾಣ್ತಿತ್ತು. ಆಗ ಕಚ್ಚಿದ್ದು ಗೊತ್ತಾಗಲಿಲ್ಲ" ಎಂದ, ಅವಳಿಗೆ ಮಾತ್ರ ಕೇಳುವ ಹಾಗೆ.

ಹಾಗಾದರೆ ನಿಮಗೆ ಆಗಲೇ ಗೊತ್ತಿತ್ತು ಎಂದಳು ಅವಳು.

"ಸಿಟ್ಟು ಇಲ್ಲ ಅಂತ ಹೇಳುದಿಲ್ಲ" ಎಂದ ಅವನು. "ಒದ್ದದ್ದಕ್ಕೆ ಅಲ್ಲ. ಆ ದಿನ ಹಲಗೆ ನೋಡಿ ನಾನೂ ಹೆದರಿದ್ದೆ, ನೀನು ಒದ್ದಾಗ ಬದುಕಿದೆ ಅನಿಸಿತ್ತು. ಆರು ವರ್ಷ ನನ್ನ ಹತ್ತಿರ ಒಂದು ಗಳಿಗೆ ಕೂರಲಿಲ್ಲ ನೀನು. ಸಿಟ್ಟು ಅದಕ್ಕೆ."

ಅವಳ ಕಣ್ಣೀರು ಅವನ ಹಣೆಗೆ ಬಿತ್ತು. ಒರೆಸಲು ಕೈ ತೆಗೆಯುವ ಹಾಗಿಲ್ಲ, ತೆಗೆದರೆ ತಲೆ ಅಲ್ಲಾಡುತ್ತದೆ. ಆಚೆ ನೋಡಲ್ ಅಧಿಕಾರಿ ಬಗ್ಗಿ ಬರೆಯತೊಡಗಿದ್ದರು, ಪ್ರಕರಣ ಎಂದು ಬರೆದು ಅದರ ಕೆಳಗೆ ಅವಳ ಹೆಸರು. ತೀರ್ಥರಾಮ ಕಾಲು ಹಿಡಿದುಕೊಂಡು, ಈಗ ಎತ್ತುದಾ ಎಂದು ಕೇಳಿದರು.

"ಹೇಳು ಅವರಿಗೆ" ಎಂದ ಸರ್ವೋತ್ತಮ. "ತಲೆ ಹಿಡಿದವರು ಹೇಳದೆ ಎತ್ತಬಾರದು ಅಂತ ನೀನೇ ಅಲ್ವಾ ಕಲಿಸುದು?"

ಜಲಜಾಕ್ಷಿ ಮೂಗೊರೆಸಲಾಗದೆ ಒಮ್ಮೆ ಜೋರಾಗಿ ಉಸಿರೆಳೆದುಕೊಂಡಳು. ಇನ್ನೂ ಬೇಡ, ಮೊದಲು ಕಟ್ಟಿ ಎಂದಳು. ಅವರು ಕಟ್ಟಿ ಮುಗಿಸುವವರೆಗೂ ಅವಳು ಅಲ್ಲಿಂದ ಏಳಲಿಲ್ಲ.